ಹೈರಮ್ ಒಳಗಿದ್ದಾನೆ

ಹಾಲರ್ಸ್‌ಟೌನ್, ಪೆನ್ಸಿಲ್ವೇನಿಯಾ
೧೯ ನವೆಂಬರ್ ೧೯೮೭

ಪ್ರೀತಿಯ ತಂಗಿ ಆರ್ಲೀನ್‌ಗೆ ನಿನ್ನ ಅಕ್ಕನ ಅಪ್ಪುಗೆ.

ನಿನ್ನ ಕಾಗದಕ್ಕೆ ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ, ಗಾಬರಿ ಮಾತ್ರ ಆಗಬೇಡ: ನಮ್ಮ ಮನೆಗೆ ಬೆಂಕಿ ಬಿದ್ದಿತ್ತು. ಅಡುಗೆಮನೆ ಹೋಯಿತು, ಹಜಾರದ ಒಂದು ಗೋಡೆ ಕಪ್ಪಾಯಿತು. ಜೀವಕ್ಕೆ ಯಾರಿಗೂ ಏನೂ ಆಗಲಿಲ್ಲ, ಸದ್ಯ.

ನಿನ್ನ ಭಾವ ಮಧ್ಯಾಹ್ನ ಹಂದಿಮಾಂಸದ ಸ್ಕ್ರ್ಯಾಪಲ್ ಹೋಳು ಕರಿಯಲೆಂದು ಒಲೆಯ ಮೇಲೆ ಬಾಣಲೆ ಇಟ್ಟು, ಹಜಾರದಲ್ಲಿ ತಮ್ಮ ಪಿಂಗಾಣಿ ಕಪ್ಪುಗಳನ್ನು ಒರೆಸುತ್ತ ಮೈಮರೆತಿದ್ದಾರೆ. ಅವರ ಹುಚ್ಚು ನಿನಗೆ ಗೊತ್ತಲ್ಲ. ಹಿಂದಿನ ಕಾಲದ ಅಗ್ನಿಶಾಮಕರು ಕ್ಷೌರದಂಗಡಿಯಲ್ಲಿ ತಮ್ಮದೆಂದು ಇಟ್ಟಿರುತ್ತಿದ್ದ, ಸೋಪಿನ ನೊರೆ ಕಲಸುವ ಪಿಂಗಾಣಿ ಕಪ್ಪುಗಳು. ಮೇಲೆ ಕುದುರೆ ಕಟ್ಟಿದ ನೀರಿನ ಬಂಡಿಯ ಚಿತ್ರ, ಬಂಗಾರದ ಅಕ್ಷರದಲ್ಲಿ ಯಜಮಾನನ ಹೆಸರು. ಹರಾಜು ಹರಾಜು ಅಲೆದು ಕೂಡಿಸಿದ್ದು. ಒಂದೊಂದನ್ನೂ ಅದರ ಮೇಲಿನ ಹೆಸರು ಹಿಡಿದೇ ಮಾತಾಡಿಸುತ್ತಾರೆ.

ಫೈರ್ ಎಂಜಿನ್ ಬಂದಾಗ ಅಂಗಳದಲ್ಲಿ ನಿಂತು ಒಂದೇ ಸಮನೆ ಕೂಗಿದರಂತೆ: "ಹೈರಮ್ ಒಳಗಿದ್ದಾನೆ! ಹೋಗ್ರಪ್ಪಾ ಯಾರಾದ್ರೂ, ಹೈರಮ್ ಒಳಗೇ ಉಳಿದ!"

ಮಾಂಸದಂಗಡಿಯ ಡ್ವೇನ್ ನಮ್ಮೂರ ಸ್ವಯಂಸೇವಕ ಅಗ್ನಿಶಾಮಕ ದಳದಲ್ಲಿದ್ದಾನೆ. ಮುಖವಾಡ ಹಾಕಿಕೊಂಡವನೇ ನುಗ್ಗಿದ. ನಾನು ಹಿತ್ತಲಿಂದ ಸುತ್ತಿ ಬರುವಷ್ಟರಲ್ಲಿ ಅಡುಗೆಮನೆಯ ಚಾವಣಿ ಧೊಪ್ಪೆಂದು ಬಿತ್ತು. ಅವನ ಹೆಂಡತಿ ರಸ್ತೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಕೊನೆಗೆ ಅವನು ಕೆಮ್ಮುತ್ತ ಹೊರಬಂದ.

"ಮಂಚದ ಕೆಳಗೂ ನೋಡ್ದೆ ಸಾರ್, ಒಂದು ನರಪಿಳ್ಳೆ ಇಲ್ಲ. ಎಷ್ಟು ವಯಸ್ಸು ಹೈರಮ್‌ಗೆ?"

"ನೂರು ದಾಟಿದೆ," ಅಂದರು ನಿನ್ನ ಭಾವ. "ಕಪಾಟಿನ ಮೇಲಿನ ಸಾಲಲ್ಲಿದ್ದಾನೆ ನೋಡು."

ಡ್ವೇನ್ ಹುಲ್ಲಿನ ಮೇಲೆ ಕುಸಿದು ಕೂತ. "ಒಂದು ಕಪ್ಪಿಗೋಸ್ಕರ ನನ್ನ ಹೆಂಡ್ತಿನ ವಿಧವೆ ಮಾಡ್ತಿದ್ರಲ್ಲ ಮಾರಾಯ್ರೇ!" ಎಂದು ನಗತೊಡಗಿದ. ಅವಳೂ ಅತ್ತುಕೊಂಡೇ ನಕ್ಕಳು, ಬೀದಿಗೆ ಬೀದಿಯೇ ನಕ್ಕಿತು.

ಬೆಂಕಿ ಆರಿದ ಮೇಲೆ ದಳದವರು ಸಾಲಾಗಿ ನಿಂತು ಕಪ್ಪುಗಳನ್ನು ಕೈಯಿಂದ ಕೈಗೆ ದಾಟಿಸಿದರು. ಒಂದರ ಹಿಡಿ ಚಕ್ಕೆ ಎದ್ದಿದೆ, ಅಷ್ಟೇ. ನಿನ್ನ ಭಾವ ಹೈರಮ್‌ನನ್ನು ಡ್ವೇನ್‌ಗೇ ಇಟ್ಟುಕೋ ಎಂದು ಕೊಟ್ಟುಬಿಟ್ಟರು. ನಾನು ಕಣ್ಣಾರೆ ಕಂಡಿಲ್ಲದಿದ್ದರೆ ನಂಬುತ್ತಿರಲಿಲ್ಲ. ಈಗ ಪಕ್ಕದ ಮನೆಯಲ್ಲಿದ್ದೇವೆ, ಚೆನ್ನಾಗಿ ನಿದ್ದೆ ಬರುತ್ತಿದೆ.

ದೇವರು ನಿನ್ನನ್ನೂ ಮಕ್ಕಳನ್ನೂ ಬೆಚ್ಚಗೆ ಇಡಲಿ.

ನಿನ್ನ ಅಕ್ಕ,
ವರ್ನಾ

ಮ.ಬಿ.: ಬೆಂಕಿ ಹತ್ತಿದಾಗ ನಾನು ಮಹಡಿಯಲ್ಲಿ ತಲೆ ತೊಳೆಯುತ್ತಿದ್ದೆ. ನಿನ್ನ ಭಾವನಿಗೆ ಗೊತ್ತಿತ್ತು. ಟವೆಲ್ ತಂದುಕೊಟ್ಟವರೇ ಅವರು. ಹೊಗೆ ಕಂಡು ಹಿಂದಿನ ಮೆಟ್ಟಿಲಿಳಿದು ನಾನೇ ಹೊರಬಂದೆ. ವರ್ನಾ ಒಳಗಿದ್ದಾಳೆ ಎಂದು ಅವರು ಯಾರಿಗೂ ಹೇಳಿರಲಿಲ್ಲ, ಆರ್ಲೀನ್.