ಒಂದು ಸುತ್ತು ಕಮ್ಮಿಯಾದ ಲೆನ್ಸು

ರೀ,

ದಿಬ್ಬೂರಹಳ್ಳಿ ಮದುವೆಗೆ ಕ್ಯಾಮರಾ ಎತ್ತಿಕೊಳ್ಳುವ ಮೊದಲು ಇದನ್ನು ಓದಿ. ಗುಡಿಯಲ್ಲಿ ಶ್ರಾವಣದ ಕಾವ್ಯವಾಚನ ಬೆಳಿಗ್ಗೆಯೇ ಶುರು, ನಾನು ಹೊರಟೆ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ.

ನಿಮ್ಮ ಲೆನ್ಸಿನ ಫೋಕಸ್ ರಿಂಗು ಈಗ ಸಲೀಸಾಗಿ ತಿರುಗುತ್ತದೆ. "ಜರ್ಮನ್ ಲೆನ್ಸು ಕಣೇ, ಬಿಗಿಯಾಗೇ ಇರೋದು" ಅಂತ ಎರಡು ವರ್ಷ ತಳ್ಳಿದಿರಿ. ಹೋದ ಮದುವೆಯಲ್ಲಿ ಅದು ತಿರುಗುವಷ್ಟರಲ್ಲಿ ತಾಳಿ ಕಟ್ಟಿ ಮುಗಿದಿತ್ತು. ಗಂಡಿನ ಕೈಲಿ ಮತ್ತೆ ಮತ್ತೆ ಕಟ್ಟಿಸಿದಿರಿ. "ಏನಪ್ಪಾ, ಇನ್ನೆಷ್ಟು ಸಲ ಮದ್ವೆ ಮಾಡಿಸ್ತೀಯ?" ಅಂತ ಪುರೋಹಿತರು ಕೂಗಿದ್ದು ಮದುವೆಮನೆಯ ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. ಅದಕ್ಕೇ ನಾನೇ ಬಿಚ್ಚಿ, ಒಣಗಿದ ಗ್ರೀಸನ್ನು ಪೆಟ್ರೋಲಿನಲ್ಲಿ ಒರೆಸಿ, ಹೊಸದನ್ನು ತೆಳ್ಳಗೆ ಸವರಿದೆ.

ಬೈಯಬೇಡಿ, ಒಂದು ತಪ್ಪಾಗಿದೆ. ಲೆಕ್ಕ ತಪ್ಪದಿರಲೆಂದು ಸುತ್ತಿಗೊಂದು ಪದ್ಯದ ಸಾಲು ಹೇಳಿಕೊಂಡು ಬಿಚ್ಚಿದೆ. ಕಾವ್ಯ ಓದುವಾಗ ಚೆಂದದ ಸಾಲನ್ನು ನಮ್ಮಪ್ಪ ಎರಡು ಸಲ ಹಾಡುತ್ತಿದ್ದರು, ನನ್ನ ಬಾಯಿಗೂ ಹಾಗೇ ಬಂತು. ಕೂರಿಸುವಾಗ ಮಾತ್ರ ಒಂದೇ ಸಲ ಹೇಳಿದೆ. ಒಂದು ಸುತ್ತು ಕಮ್ಮಿಯಾಯಿತು.

ಹಾಗಾಗಿ ರಿಂಗಿನ ಮೇಲಿನ ಅಡಿ ಲೆಕ್ಕ ನಂಬಬೇಡಿ. ಹತ್ತು ಅಂದರೆ ಹತ್ತಲ್ಲ. ದೂರದ್ದು ಮಸುಕು. ಹತ್ತಿರ ನಿಂತು, ಕಿಂಡಿಯಲ್ಲಿ ಕಣ್ಣಿಟ್ಟು ನೋಡಿಯೇ ತೆಗೆಯಿರಿ.

ನೀವು ಕಿಂಡಿಯಲ್ಲಿ ನೋಡದೆ, ಹೆಜ್ಜೆ ಅಳೆದು ರಿಂಗಿನಲ್ಲಿ ಅಂಕಿ ಇಡುವುದು ಯಾಕೆ ಅಂತ ಗೊತ್ತು. ಕಣ್ಣು ಮಂಜಾದದ್ದನ್ನು ನೀವು ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀವು ಚಿಕ್ಕಬಳ್ಳಾಪುರದಲ್ಲಿ ಗುಟ್ಟಾಗಿ ಮಾಡಿಸಿದ ಕನ್ನಡಕ ಬ್ಯಾಗಿನಲ್ಲಿ ರೀಲುಗಳ ಕೆಳಗಿದೆ, ನೋಡಿದ್ದೇನೆ. ಇವತ್ತು ಹಾಕಿಕೊಳ್ಳಲೇಬೇಕು.

ನಾಚಬೇಡಿ. ಮಂಟಪದಲ್ಲಿ ಎಲ್ಲರೂ ಹೆಣ್ಣನ್ನು ನೋಡುತ್ತಾರೆ, ನಿಮ್ಮನ್ನಲ್ಲ. ನಿಮ್ಮನ್ನು ನೋಡುವವಳಿಗೆ ನೀವು ಕನ್ನಡಕದಲ್ಲೂ ಚೆನ್ನಾಗಿಯೇ ಕಾಣುತ್ತೀರಿ.