ಗಂಟು ಹಾಕಿದ ಎಲೆ

ಮಾರಂಗು, ಗುರುವಾರ

ವಕೀಲ ಟೆಮು ಅವರೇ,

ಬಾಳೆತೋಟಕ್ಕಾಗಿ ನಾನು ಕೋರ್ಟಿಗೆಳೆದ ಅಣ್ಣ ಒಫೊರೊ, ಬೇಲಿಗಿಡದ ಎಲೆಗೆ ಗಂಟು ಹಾಕಿಕೊಂಡು ನನ್ನ ಬಾಗಿಲಿಗೆ ಬಂದಿದ್ದ. "ತೋಟ ನೀನೇ ಇಟ್ಕೊಳ್ಳೇ ಜಗಳಗಂಟಿ, ಮಾತಾಡಿದ್ರೆ ಸಾಕು" ಅಂದ. ಆ ಎಲೆ ಹಿಡಿದು ಬಂದರೆ ನಮ್ಮ ಬೆಟ್ಟದಲ್ಲಿ ಕೊಲೆಗಾರನಿಗೂ ಕ್ಷಮೆಯುಂಟು. ನಿಮಗೆ ಫೋನು ಮಾಡಿದೆ. "ಮುಟ್ಟಬೇಡಿ, ರಾಜಿಯಾದಂತಾಗಿ ನಮ್ಮ ಕೇಸು ಬಿದ್ದುಹೋಗುತ್ತೆ" ಅಂದಿರಿ. ಫೀಸು ಕೊಟ್ಟು ಕೇಳಿದ ಮಾತೆಂದು ನಂಬಿದೆ. ಪಕ್ಕದ ಮನೆಯಲ್ಲೇ ಇದ್ದ ಅಮ್ಮನನ್ನು ಕೇಳಲಿಲ್ಲ. ಬಾಗಿಲು ಹಾಕಿಕೊಂಡೆ.

ಸೋಮವಾರ ಅವನನ್ನು ಮಣ್ಣು ಮಾಡಿದೆವು. ಎಲೆ ಅವನ ಕೋಟಿನ ಜೇಬಿನಲ್ಲೇ ಒಣಗಿತ್ತು.

ನೀವೂ ಇದೇ ಬೆಟ್ಟದವರು. ಆ ಎಲೆ ಏನೆಂದು ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕೇಸು ಹಿಂತೆಗೆದುಕೊಳ್ಳಿ. ಅರ್ಜಿಯಲ್ಲಿ ಅಣ್ಣ ತಂಗಿ ರಾಜಿಯಾದರು ಎಂದು ಬರೆಯಬೇಡಿ. ಆಗಲಿಲ್ಲ.

ನಿಮ್ಮ ಮಾತು ಕೇಳಿದ,
ಮಂಕಾ