ಮಿಂಚುಳ್ಳಿ ಬಣ್ಣದ ಸೀರೆ

ರಾಯಚೂರು
೧೩-೪-೧೯೮೧

ಪ್ರೀತಿಯ ಶಿವಬಸಮ್ಮನಿಗೆ,

ಇವತ್ತು ಬೆಳಿಗ್ಗೆ ಅಪ್ಪನ ಸೈಕಲ್ಲಿನ ಬ್ರೇಕ್ ತಂತಿಯ ಮೇಲೆ ಒಂದು ಓತಿಕ್ಯಾತ ಕೂತಿತ್ತು. ಗಂಟಲು ಕೆಂಪಗೆ ಮಾಡಿಕೊಂಡು ನನ್ನನ್ನೇ ನೋಡುತ್ತಿತ್ತು. ಅದು ತಾನಾಗಿ ಇಳಿದು ಹೋಗುವವರೆಗೆ ಜೋಳದ ಚೀಲ ಹಿಡಿದು ನಿಂತೇ ಇದ್ದೆ. ಅವ್ವ ಒಳಗಿನಿಂದ ಬೈದದ್ದು ನಿಮ್ಮ ದೇವದುರ್ಗಕ್ಕೂ ಕೇಳಿಸಿರಬೇಕು.

ನೀನು ಕ್ಷೇಮವೆಂದು ನಂಬಿದ್ದೇನೆ. ನಿನ್ನ ಪತ್ರ ಶಿವರಾತ್ರಿಯ ಮರುದಿನವೇ ಬಂದಿತ್ತು. ಇಷ್ಟು ದಿನ ಕೆಲಸವಿತ್ತು ಎಂದರೆ ನೀನು ನಂಬುವುದಿಲ್ಲ, ಬಿ.ಎ. ಮುಗಿಸಿ ಮನೆಯಲ್ಲಿ ಕೂತವಳಿಗೆ ಗಿರಣಿ, ಸೀಮೆಎಣ್ಣೆ, ಪಲ್ಲೆ ಇಷ್ಟೇ ಕೆಲಸ. ಬರೆಯಲು ಕೂತಾಗಲೆಲ್ಲ ನಿನ್ನ ಒಂದು ಮಾತಿಗೆ ಬಂದು ಪೆನ್ನು ನಿಲ್ಲುತ್ತಿತ್ತು. ಯರಗೇರಾದ ಹುಡುಗನ ಜೊತೆ ನೀನು ಮಾವಿನಕೆರೆ ದಂಡೆಯಲ್ಲಿ ಕೂತಿದ್ದನ್ನು ಮನೆಗೆ ಮುಟ್ಟಿಸಿದವಳು ಪಲ್ಲೆ ಮಾರುವ ಗೋಪಮ್ಮ, ಅವಳ ನಾಲಿಗೆ ಬಿದ್ದುಹೋಗಲಿ ಎಂದು ಬರೆದಿದ್ದೀಯ. ಪರೀಕ್ಷೆ ತಪ್ಪಿ, ಎರಡೇ ತಿಂಗಳಲ್ಲಿ ಮದುವೆಯಾದವಳ ಸಿಟ್ಟು ನನಗೆ ತಿಳಿಯುತ್ತದೆ. ನಿನ್ನ ಬಗ್ಗೆ ಎಲ್ಲೂ ಏನೂ ಆಡದವಳು ನಾನೊಬ್ಬಳೇ ಎಂದೂ ಬರೆದಿದ್ದೀಯ.

ಇಲ್ಲಿ ಬಿಸಿಲು ಜೋರು. ಮಾನ್ವಿ ರಸ್ತೆಯ ಹೊಲಗಳು ಬಿರುಕು ಬಿಟ್ಟಿವೆ. ಬಾಗೆ ಮರದ ಒಣ ಕಾಯಿಗಳು ಗಾಳಿಗೆ ಸಪ್ಪಳ ಮಾಡುತ್ತವೆ, ಯಾರೋ ಕಾಳು ಕೇರುತ್ತಿದ್ದಂತೆ. ಸೀಮೆಎಣ್ಣೆ ಡಬ್ಬಿ ಕಟ್ಟಿಕೊಂಡು ಬರುವಾಗ ಅಲ್ಲೇ ಸ್ವಲ್ಪ ಇಳಿದು ನಿಲ್ಲುತ್ತೇನೆ.

ಗೋಪಮ್ಮ ಈಗಲೂ ಕೆರೆ ದಂಡೆಯಲ್ಲೇ ಕೂಡುತ್ತಾಳೆ, ನಮ್ಮ ಓಣಿಗೆ ಮಾತ್ರ ಬರುವುದಿಲ್ಲ. ನಿಮ್ಮ ಮನೆಯವರು ಅವಳನ್ನು ಕಂಡು ಬಾಗಿಲು ಹಾಕಿಕೊಂಡ ಮೇಲೆ ಉಳಿದವರೂ ಅವಳ ಹತ್ತಿರ ಕೊಳ್ಳುವುದು ಬಿಟ್ಟರು. ನಿನ್ನೆ ಪುಂಡಿಪಲ್ಲೆಗೆ ನಾನು ಸೈಕಲ್ ನಿಲ್ಲಿಸಿದಾಗ, "ಏನ್ ಬೇ ಸೈಕಲ್ ಗೌಡ್ತಿ, ನನ್ನ ಪಲ್ಲೆ ತಿಂದ್ರ ನಿಮ್ಮ ಓಣ್ಯಾಗ ಹೊಟ್ಟಿ ಕಡೀತದಂತ" ಎಂದು ನಕ್ಕಳು. ನಾನು ನಗಲಿಲ್ಲ. ಅವಳು ಬುಟ್ಟಿಯ ಮೇಲೆ ನೀರು ಚಿಮುಕಿಸುತ್ತ ಮೆಲ್ಲಗೆ ಅಂದಳು: "ನಾ ಕಂಡಿದ್ದು ಖರೇ ಅದ ಯವ್ವಾ. ಓದೋ ಹುಡುಗ್ರು, ಪುಸ್ತಕ ಹಿಡ್ಕೊಂಡು ಕೂಡ್ತಿದ್ರು. ನಾ ಯಾರಿಗಿ ಯಾಕ ಹೇಳ್ಲಿ?"

ಕೂಸು ಬೋರಲು ಬೀಳುತ್ತದೆಯೇ? ಬಿಸಿಲಲ್ಲಿ ಹೊರಗೆ ಎತ್ತಿಕೊಂಡು ಹೋಗಬೇಡ. ತಾಯಿ ಮಗು ಇಬ್ಬರ ಹೊಟ್ಟೆಯೂ ತಣ್ಣಗಿರಲಿ.

ನಿನ್ನ
ಹುಲಿಗೆಮ್ಮ

ತಾ.ಕ.: ಗೋಪಮ್ಮ ಹೇಳಿಲ್ಲ, ಶಿವಬಸಮ್ಮ. ಹೇಳಿದವಳು ನಾನು. ಅವತ್ತು ಗಿರಣಿಯಿಂದ ಬರುವಾಗ ಕೆರೆಯಲ್ಲಿ ಮಿಂಚುಳ್ಳಿ ನೋಡುತ್ತ ನಿಂತು ತಡವಾಯಿತು. ಯಾಕೆ ತಡ ಎಂದು ಅವ್ವ ಕೇಳಿದಳು. ನಿಮ್ಮ ಚಿಗವ್ವ ಯಮನಮ್ಮ ನಮ್ಮ ಮನೆಯಲ್ಲೇ ಅಕ್ಕಿ ಆರಿಸುತ್ತ ಕೂತಿದ್ದಳು. ಯಾವತ್ತೂ ಬಾಯಿ ಬಿಡದ ನಾನು ಅವತ್ತು, "ಮಿಂಚುಳ್ಳಿ ರೆಕ್ಕಿ, ದಂಡಿಮ್ಯಾಗ ಕೂತಿದ್ದ ಶಿವಬಸಮ್ಮನ ಸೀರಿ, ಎರಡೂ ಒಂದ ಬಣ್ಣ ಇತ್ತು ಯವ್ವಾ" ಎಂದೆ. ಹುಡುಗನ ಮಾತು ಎತ್ತಲಿಲ್ಲ. ಎಷ್ಟು ಹೊತ್ತಿಗೆ ಎಂದು ನಿಮ್ಮ ಚಿಗವ್ವ ಕೇಳಿದಳು. ಹನ್ನೊಂದಕ್ಕೆ ಎಂದೆ. ನೀನು ಕಾಲೇಜಿನಲ್ಲಿ ಇರಬೇಕಾದ ಹೊತ್ತು. ಮರುದಿನ ಅದೇ ಹೊತ್ತಿಗೆ ನಿಮ್ಮ ಅಣ್ಣ ಕೆರೆಗೆ ಹೋದ.

ಹೋಲಿಕೆ ಚೆನ್ನಾಗಿ ಬಂತೆಂದು ಅವತ್ತು ಒಳಗೊಳಗೇ ಹಿಗ್ಗಿದ್ದೆ. ನಮ್ಮ ಮನೆಯ ಹೆಸರು ಬರಬಾರದೆಂದು ನಿಮ್ಮ ಚಿಗವ್ವ ಗೋಪಮ್ಮನ ಹೆಸರು ಮುಂದೆ ಮಾಡಿದಳು. ನನಗೆ ಗೊತ್ತಿತ್ತು. ಸುಮ್ಮನಿದ್ದೆ.

ಇದನ್ನು ಅಂಚೆ ಡಬ್ಬಿಗೆ ಹಾಕಿ ಸಂಜೆ ನಿಮ್ಮ ಅವ್ವನ ಹತ್ತಿರ ಹೋಗುತ್ತೇನೆ. ಒಳಗೆ ಕರೆದರೂ ಹೋಗುವುದಿಲ್ಲ. ಬಾಗಿಲಲ್ಲೇ ನಿಂತು, ಓಣಿಗೆಲ್ಲ ಕೇಳುವಂತೆ ಹೇಳುತ್ತೇನೆ.